ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ತಂಪು ಫ್ಯಾನು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಹಿನ್ನೆಲೆಯಲ್ಲಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಹುಟ್ಟುವ ಶಾಖವನ್ನು ಹೊರಗಿನ ಗಾಳಿಗೆ ದಾಟಿಸುವ ಚಿಕ್ಕ ವಿದ್ಯುತ್ ಪಂಖವೇ ತಂಪು ಫ್ಯಾನು. 2010ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ: ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲಿ, ಪ್ರೊಸೆಸರಿನ ನೆತ್ತಿಯ ಮೇಲೆ, ಕ್ಯಾಬಿನೆಟ್ಟಿನ ಬೆನ್ನಿನಲ್ಲಿ. ಕೆಲವು ಯಂತ್ರಗಳ ಗ್ರಾಫಿಕ್ಸ್ ಕಾರ್ಡು ಮತ್ತು ಮದರ್‌ಬೋರ್ಡಿನ ಚಿಪ್‌ಸೆಟ್ ಮೇಲೂ ಬೆರಳಗಲದ ಫ್ಯಾನುಗಳಿರುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ತಿರುಗುವ ಮುಖ್ಯ ಭಾಗಗಳೆಂದರೆ ಹಾರ್ಡ್ ಡಿಸ್ಕು, ಸಿ.ಡಿ. ಡ್ರೈವು, ಫ್ಯಾನು. ಇವುಗಳಲ್ಲಿ ತೀರ ಅಗ್ಗದ್ದು ಫ್ಯಾನು. ಅದು ನಿಂತಾಗ ಕೆಡುವುದು ಮಾತ್ರ ಅದಕ್ಕಿಂತ ಹತ್ತಾರು ಪಟ್ಟು ಬೆಲೆಯ ಭಾಗ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಬಿಸಿಲು ಮತ್ತು ದೂಳಿನ ಸೀಮೆಯಲ್ಲಿ 'ಸತ್ತುಹೋಯಿತು' ಎಂದು ಮೂಲೆಗೆ ಸೇರುವ ಕಂಪ್ಯೂಟರುಗಳನ್ನು ಬಿಚ್ಚಿ ನೋಡುವವರು ಮೊದಲು ಫ್ಯಾನನ್ನೇ ಬೆರಳಿನಿಂದ ತಿರುಗಿಸಿ ನೋಡುವುದು ಇದೇ ಕಾರಣಕ್ಕೆ.

ಸೀಮೆ ಮತ್ತು ಯಂತ್ರಗಳು

ಚಿತ್ರದುರ್ಗ ಜಿಲ್ಲೆಯ ಈ ಎರಡೂ ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳ ಸಾಲಿನಲ್ಲಿ ಚಳ್ಳಕೆರೆ ಇದೆ. ಶೇಂಗಾ ಮತ್ತು ಎಣ್ಣೆ ಗಿರಣಿಗಳಿಂದ ಅದಕ್ಕೆ ಎಣ್ಣೆಯ ಊರು ಎಂಬ ಹೆಸರು ಬಂತು; ಕುರಿ ಸಾಕಣೆ ಮತ್ತು ಕಂಬಳಿ ನೇಯ್ಗೆ ಅದರ ಇನ್ನೊಂದು ಕಸುಬು. ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿಕೊಂಡ ಬಂಡೆಗುಡ್ಡಗಳ ತಾಲ್ಲೂಕು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಈ ತಾಲ್ಲೂಕಿನವು. ಇಲ್ಲಿನ ಕೈಮಗ್ಗದ ರೇಷ್ಮೆ ಸೀರೆಗೆ ಜಿ.ಐ. ಮಾನ್ಯತೆ ದೊರೆತಿದೆ. ಶೇಂಗಾ ಸಿಪ್ಪೆಯ ಹುಡಿ, ಉಣ್ಣೆಯ ನಾರು, ಮಗ್ಗದ ಎಳೆಯ ನವಿರು, ಕೆಂಪು ಮಣ್ಣಿನ ದೂಳು: ಈ ನಾಲ್ಕೂ ಗಾಳಿಯಲ್ಲಿ ತೇಲುವ ವಸ್ತುಗಳೆಂಬುದು ಮುಂದಿನ ವಿವರಣೆಗೆ ಮುಖ್ಯ.

ಈ ಸೀಮೆಗೆ ಕಂಪ್ಯೂಟರುಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2000ರ ನಂತರ. ರಾಜ್ಯ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕೈಬರಹದ ಪುಸ್ತಕದಿಂದ ಗಣಕಕ್ಕೆ ಬಂದವು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳು ಗಣಕೀಕರಣಗೊಂಡು, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಮುದ್ರಿಸಿ ಕೊಡುವ ವ್ಯವಸ್ಥೆ ನಿಂತಿತು. ಇದೇ ಅವಧಿಯಲ್ಲಿ 'ಮಾಹಿತಿ ಸಿಂಧು' ಯೋಜನೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಗಳನ್ನು ತೆರೆಯಿತು. ಖಾಸಗಿಯಾಗಿ ಡಿ.ಟಿ.ಪಿ. ಅಂಗಡಿ, ಜೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋ, ಮಂಡಿಗಳ ಲೆಕ್ಕದ ಕೋಣೆ, ಇಂಟರ್‌ನೆಟ್ ಸೆಂಟರುಗಳು ಬಿಡಿಭಾಗ ಜೋಡಿಸಿದ ಯಂತ್ರಗಳನ್ನು ತಂದವು. ಬೆಂಗಳೂರಿನ ಎಸ್.ಪಿ. ರಸ್ತೆಯೇ ಅಂಥ ಬಿಡಿಭಾಗಗಳ ದೊಡ್ಡ ಪೇಟೆ. ಪೆಂಟಿಯಮ್ 4, ಸೆಲೆರಾನ್, ಆ ಮೇಲೆ ಡ್ಯುಯಲ್ ಕೋರ್ ಮತ್ತು ಕೋರ್ 2 ಡ್ಯುಓ ಪ್ರೊಸೆಸರುಗಳ ಪೀಳಿಗೆಯ ಈ ಯಂತ್ರಗಳನ್ನೇ ಇಲ್ಲಿ 'ಹಳೆಯ ಡೆಸ್ಕ್‌ಟಾಪ್' ಎಂದು ಕರೆದಿದೆ.

ಶಾಖದ ಹುಟ್ಟು

ಪ್ರೊಸೆಸರಿನಲ್ಲಿರುವ ಕೋಟ್ಯಂತರ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಒಂದಿಷ್ಟು ವಿದ್ಯುದಾವೇಶ ತುಂಬಿ ಖಾಲಿಯಾಗುತ್ತದೆ; ಹಾಗೆ ಖಾಲಿಯಾದ ಶಕ್ತಿ ಪೂರ್ತಿ ಶಾಖವಾಗುತ್ತದೆ. ವೇಗ ಎರಡು ಪಟ್ಟಾದರೆ ಈ ಶಾಖವೂ ಎರಡು ಪಟ್ಟು. ವೋಲ್ಟೇಜು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಕಂಪ್ಯೂಟರ್ ಒಳಗೆಳೆದುಕೊಂಡ ವಿದ್ಯುತ್ತಿನ ಬಹುಪಾಲೆಲ್ಲ ಕೊನೆಗೆ ಕೋಣೆಯ ಬಿಸಿಯಾಗಿಯೇ ಹೊರಬೀಳುತ್ತದೆ. ನೂರು ವ್ಯಾಟಿನ ಯಂತ್ರವೆಂದರೆ ಕೋಣೆಗೆ ನೂರು ವ್ಯಾಟಿನ ಹೀಟರು.

ಬೆರಳುಗುರಿನಷ್ಟಗಲದ ಸಿಲಿಕಾನ್ ಚೂರಿನಿಂದ ಇಷ್ಟು ಶಾಖವನ್ನು ಗಾಳಿ ನೇರವಾಗಿ ಹೀರಲಾರದು. ತಾಕುವ ಮೈ ಸಾಲದು. ಅದಕ್ಕೆಂದೇ ಅಲ್ಯೂಮಿನಿಯಂ ಅಥವಾ ತಾಮ್ರದ ಹೀಟ್ ಸಿಂಕ್ ಕೂರಿಸುತ್ತಾರೆ. ಅದರ ತೆಳು ಪಟ್ಟಿಗಳು ಸೇರಿ ಗಾಳಿಗೆ ಒಡ್ಡುವ ಮೈ, ಚಿಪ್ಪಿನ ಮೈಗಿಂತ ನೂರಾರು ಪಟ್ಟು ಹೆಚ್ಚು. ಚಿಪ್ಪಿನ ಮುಚ್ಚಳ ಮತ್ತು ಹೀಟ್ ಸಿಂಕ್ ಎರಡೂ ಕಣ್ಣಿಗೆ ನಯವಾಗಿ ಕಂಡರೂ ನಡುವೆ ಸಣ್ಣ ಸಂದುಗಳು ಉಳಿಯುತ್ತವೆ, ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ಉಷ್ಣವಾಹಕತೆ ಅಲ್ಯೂಮಿನಿಯಮ್ಮಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆ ಸಂದು ತುಂಬಲು ಹಚ್ಚುವುದೇ ಥರ್ಮಲ್ ಪೇಸ್ಟು. ವರ್ಷಗಳು ಕಳೆದಂತೆ ಇದು ಒಣಗಿ ಸುಣ್ಣದಂತೆ ಉದುರುತ್ತದೆ. ಆಗ ಫ್ಯಾನು ಚೆನ್ನಾಗಿ ತಿರುಗುತ್ತಿದ್ದರೂ ಪ್ರೊಸೆಸರು ಬೇಯುತ್ತದೆ.

ನಿಂತ ಗಾಳಿಯಲ್ಲಿ ಲೋಹದ ಮೈಗೆ ಅಂಟಿದ ತೆಳುವಾದ ಬಿಸಿ ಪದರವೊಂದು ಕಂಬಳಿ ಹೊದ್ದಂತೆ ಕುಳಿತುಬಿಡುತ್ತದೆ. ಫ್ಯಾನಿನ ಕೆಲಸ ಆ ಪದರವನ್ನು ಕಿತ್ತು, ಅದರ ಜಾಗಕ್ಕೆ ಹೊಸ ಗಾಳಿಯನ್ನು ತರುವುದು. ಗಾಳಿ ಚಲಿಸತೊಡಗಿದರೆ ಅದೇ ಹೀಟ್ ಸಿಂಕ್ ನಿಂತ ಗಾಳಿಯಲ್ಲಿ ಬಿಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಶಾಖವನ್ನು ಬಿಡುತ್ತದೆ.

ಫ್ಯಾನಿನ ಒಳರಚನೆ

ಕಂಪ್ಯೂಟರಿನ ಫ್ಯಾನು 12 ವೋಲ್ಟಿನ ಡಿ.ಸಿ. ವಿದ್ಯುತ್ತಿನಲ್ಲಿ ನಡೆಯುವ, ಬ್ರಷ್ ಇಲ್ಲದ ಮೋಟಾರು. ಮಿಕ್ಸಿಯ ಮೋಟಾರಿನಲ್ಲಿ ಇಂಗಾಲದ ಬ್ರಷ್‌ಗಳು ತಿರುಗುವ ಭಾಗವನ್ನು ಉಜ್ಜುತ್ತ ವಿದ್ಯುತ್ ಕೊಡುತ್ತವೆ; ಕಿಡಿ ಹಾರುತ್ತದೆ, ಬ್ರಷ್ ಸವೆಯುತ್ತದೆ, ಕರಿಪುಡಿ ಉದುರುತ್ತದೆ. ಹಗಲಿಡೀ ಓಡಬೇಕಾದ, ಸೂಕ್ಷ್ಮ ಸರ್ಕಿಟುಗಳ ಪಕ್ಕದಲ್ಲಿರುವ ಫ್ಯಾನಿಗೆ ಇದು ಸಲ್ಲದು. ಆದ್ದರಿಂದ ಇಲ್ಲಿ ಕ್ರಮವೇ ತಿರುವುಮುರುವು. ತಂತಿಯ ಸುರುಳಿಗಳು ನಡುವೆ ಅಲುಗಾಡದೆ ನಿಂತಿರುತ್ತವೆ. ಅವುಗಳ ಸುತ್ತ ಬೋಗುಣಿಯಂತೆ ಕವಿದ ರೆಕ್ಕೆಗಳ ಗುಂಬವಿದ್ದು, ಅದರ ಒಳಗೋಡೆಗೆ ಉಂಗುರದ ಆಕಾರದ ಅಯಸ್ಕಾಂತ ಅಂಟಿರುತ್ತದೆ. ತಿರುಗುವುದು ಅಯಸ್ಕಾಂತ, ನಿಲ್ಲುವುದು ಸುರುಳಿ.

ಉಂಗುರದ ಸುತ್ತ ಉತ್ತರ, ದಕ್ಷಿಣ ಧ್ರುವಗಳು ಸಾಮಾನ್ಯವಾಗಿ ನಾಲ್ಕಿರುತ್ತವೆ. ಸುರುಳಿಗಳ ಪಕ್ಕದ ಪುಟ್ಟ ಬೋರ್ಡಿನ ಮೇಲೆ ಹಾಲ್ ಸಂವೇದಕವೆಂಬ ಬೆಂಕಿಕಡ್ಡಿಯ ಮದ್ದಿನ ತುದಿಯಷ್ಟು ಚಿಕ್ಕ ಭಾಗವಿದೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ಭೌತವಿಜ್ಞಾನಿ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಆಧಾರ: ವಿದ್ಯುತ್ ಹರಿಯುವ ವಾಹಕದ ಬಳಿ ಕಾಂತಕ್ಷೇತ್ರ ಬಂದರೆ ವಾಹಕದ ಅಡ್ಡಕ್ಕೆ ಸಣ್ಣದೊಂದು ವೋಲ್ಟೇಜು ಮೂಡುತ್ತದೆ. ತನ್ನೆದುರು ಈಗ ಹಾಯುತ್ತಿರುವುದು ಉತ್ತರ ಧ್ರುವವೋ ದಕ್ಷಿಣ ಧ್ರುವವೋ ಎಂಬುದನ್ನು ಸಂವೇದಕ ಇದರಿಂದ ಅರಿಯುತ್ತದೆ. ಅದರ ಸೂಚನೆಯಂತೆ ಚಾಲಕ ಐ.ಸಿ. ಒಂದು ಜೊತೆ ಸುರುಳಿಗೆ ವಿದ್ಯುತ್ ನಿಲ್ಲಿಸಿ ಇನ್ನೊಂದಕ್ಕೆ ಕೊಡುತ್ತದೆ. ಸುರುಳಿ ಎದುರಿನ ಧ್ರುವವನ್ನು ಸೆಳೆಯುತ್ತದೆ. ಧ್ರುವ ಬಂದು ತಲುಪುವ ಹೊತ್ತಿಗೆ ಸುರುಳಿಯ ದಿಕ್ಕು ಬದಲಾಗಿ ಅದನ್ನೇ ಮುಂದಕ್ಕೆ ದೂಡುತ್ತದೆ. ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವುದು ಹೀಗೆ. 80 ಮಿ.ಮೀ. ಫ್ಯಾನೊಂದು ಬಳಸುವುದು ಸಾಮಾನ್ಯವಾಗಿ ಒಂದೆರಡು ವ್ಯಾಟು ಮಾತ್ರ.

ಫ್ಯಾನಿಗೆ ಬರುವ ತಂತಿಗಳನ್ನು ಎಣಿಸಿದರೆ ಅದರ ಪೀಳಿಗೆ ತಿಳಿಯುತ್ತದೆ. ಎರಡು ತಂತಿಯದಾದರೆ ಬರೀ ವಿದ್ಯುತ್. ತಿರುಗುತ್ತಿದೆಯೋ ಇಲ್ಲವೋ ಮದರ್‌ಬೋರ್ಡಿಗೆ ಗೊತ್ತಾಗದು. ಮೂರನೆಯ ತಂತಿ ವೇಗದ ಸುದ್ದಿ ಒಯ್ಯುತ್ತದೆ: ಫ್ಯಾನು ಒಂದು ಸುತ್ತು ಮುಗಿಸಿದಾಗ ಎರಡು ಮಿಡಿತ. ಮಿಡಿತ ನಿಂತರೆ ಕಂಪ್ಯೂಟರ್ ಆನ್ ಮಾಡುವಾಗಲೇ ಸಿಪಿಯು ಫ್ಯಾನಿನ ದೋಷದ ಸಂದೇಶ ತೆರೆಯ ಮೇಲೆ ಬರುತ್ತದೆ, ಎಫ್1 ಒತ್ತುವಂತೆ ಕೇಳುತ್ತದೆ. ಎಫ್1 ಒತ್ತಿ ಕೆಲಸ ಮುಂದುವರಿಸುವ ಅಭ್ಯಾಸ ಅನೇಕ ಕಡೆ ಇದೆ. ಅದು ಯಂತ್ರ ಕೊಟ್ಟ ಕೊನೆಯ ಎಚ್ಚರಿಕೆಯನ್ನು ತಳ್ಳಿಹಾಕಿದಂತೆ, ಹಾಗೆ ಮಾಡಬಾರದು. ನಾಲ್ಕನೆಯ ತಂತಿ 2004ರ ಸುಮಾರಿಗೆ ಬಳಕೆಗೆ ಬಂತು. ಅದರಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಆನ್–ಆಫ್ ಆಗುವ ಸೂಚನೆ ಹರಿಯುತ್ತದೆ. ಆನ್ ಇರುವ ಪಾಲು ಹೆಚ್ಚಾದರೆ ಫ್ಯಾನು ಜೋರು, ಕಡಿಮೆಯಾದರೆ ನಿಧಾನ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನದ ಆಚೆ ಕೇಳದು. ಆದ್ದರಿಂದ ಈ ಆನ್–ಆಫ್ ಸದ್ದಾಗಿ ಕಾಡುವುದಿಲ್ಲ.

ರೆಕ್ಕೆಗಳು ಬಹುಮಟ್ಟಿಗೆ ಏಳೋ ಒಂಬತ್ತೋ ಇರುತ್ತವೆ. ಚೌಕಟ್ಟಿನ ಅಡ್ಡಪಟ್ಟಿಗಳು ಮೂರೋ ನಾಲ್ಕೋ. ಹಲವು ರೆಕ್ಕೆಗಳು ಒಂದೇ ಕ್ಷಣದಲ್ಲಿ ಪಟ್ಟಿಗಳನ್ನು ಹಾಯ್ದರೆ ಗುಂಯ್ ಸದ್ದು ಹೆಚ್ಚುತ್ತದೆ. ಅದಕ್ಕೇ ಎರಡೂ ಸಂಖ್ಯೆಗಳು ಒಂದಕ್ಕೊಂದು ಭಾಗವಾಗದಂತೆ ನೋಡಿಕೊಳ್ಳುತ್ತಾರೆ. ಅಡ್ಡಪಟ್ಟಿಗಳೂ ನಡುವಿನ ಚೀಟಿಯೂ ಇರುವ ಬದಿಯಿಂದ ಗಾಳಿ ಹೊರಬರುತ್ತದೆ. ಫ್ಯಾನು ಬದಲಿಸುವಾಗ ದಿಕ್ಕು ತಪ್ಪಿಸಿ ಕೂರಿಸುವುದು ತೀರ ಸಾಮಾನ್ಯವಾದ್ದರಿಂದ ಇದನ್ನು ನೆನಪಿಡಬೇಕು.

ಇಡೀ ಫ್ಯಾನಿನ ಆಯುಸ್ಸನ್ನು ನಿರ್ಧರಿಸುವುದು ರೆಕ್ಕೆಯೂ ಅಲ್ಲ, ಸುರುಳಿಯೂ ಅಲ್ಲ, ನಡುವಿನ ಕಡ್ಡಿ ಕೂರುವ ಬೇರಿಂಗು. ಅಗ್ಗದ ಫ್ಯಾನುಗಳಲ್ಲಿ ಬುಷ್ ಇರುತ್ತದೆ: ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಕೊಳವೆ, ಅದರ ರಂಧ್ರಗಳಲ್ಲಿ ಎಣ್ಣೆ. ಕಡ್ಡಿ ತಿರುಗಿದಾಗ ಎಣ್ಣೆ ಹೊರಬಂದು ತೆಳುಪದರವಾಗುತ್ತದೆ, ನಿಂತಾಗ ಮತ್ತೆ ಹೀರಿಕೊಳ್ಳುತ್ತದೆ. ಬಾಲ್ ಬೇರಿಂಗಿನ ಫ್ಯಾನು ತುಸು ಹೆಚ್ಚು ಸದ್ದು ಮಾಡುತ್ತದೆ, ಆದರೆ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಅಡ್ಡಡ್ಡ ಮಲಗಿಸಿದರೂ ಬೇಸರಿಸದು. ಬುಷ್ ಫ್ಯಾನುಗಳಿಗೆ ತಯಾರಕರು ಹೇಳುವ ಆಯುಸ್ಸು ಸಾಮಾನ್ಯವಾಗಿ 30,000 ಗಂಟೆಯ ಆಸುಪಾಸು, ಬಾಲ್ ಬೇರಿಂಗಿನವಕ್ಕೆ 50,000 ಗಂಟೆ ಅಥವಾ ಹೆಚ್ಚು. ಈ ಲೆಕ್ಕ ದೂಳಿಲ್ಲದ ಪ್ರಯೋಗಾಲಯದ್ದು. ದಿನಕ್ಕೆ ಎಂಟು ಗಂಟೆ ಓಡಿದರೆ 30,000 ಗಂಟೆಯೆಂದರೆ ಹತ್ತು ವರ್ಷ. ಮಂಡಿಯ ಬಾಗಿಲಲ್ಲಿ ಕುಳಿತ ಕಂಪ್ಯೂಟರಿನ ಬುಷ್ ಫ್ಯಾನಿನಿಂದ ಅಷ್ಟನ್ನು ನಿರೀಕ್ಷಿಸಲಾಗದು.

ಗಾಳಿಯ ಲೆಕ್ಕ

ನೂರು ವ್ಯಾಟ್ ಶಾಖವನ್ನು ಹೊತ್ತೊಯ್ಯುವಾಗ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಬೇಕೆಂದರೆ, ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ಸಿನ ಗಾಳಿ ಸೆಕೆಂಡಿಗೆ ಸುಮಾರು 8.3 ಲೀಟರ್ ಹರಿಯಬೇಕು. ಚಳ್ಳಕೆರೆ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿನ ಆಸುಪಾಸು ಎತ್ತರದಲ್ಲಿದೆ. ಆ ಎತ್ತರಕ್ಕೆ 40 ಡಿಗ್ರಿಯ ಬಿಸಿಲನ್ನೂ ಸೇರಿಸಿದರೆ ಅಲ್ಲಿನ ಗಾಳಿ ಸುಮಾರು ಶೇ. 13ರಷ್ಟು ತೆಳು. ಅದೇ ಕೆಲಸಕ್ಕೆ ಅಲ್ಲಿ ಸೆಕೆಂಡಿಗೆ 9.5 ಲೀಟರ್ ಬೇಕು. 80 ಮಿ.ಮೀ. ಫ್ಯಾನೊಂದು ಬಯಲಲ್ಲಿ ಸೆಕೆಂಡಿಗೆ 15 ಲೀಟರಿನಷ್ಟು ಗಾಳಿ ನೂಕಬಲ್ಲದು. ಆದರೆ ಜಾಲರಿ, ಕೇಬಲ್ಲುಗಳ ಗೋಜಲು, ಕಿರಿದಾದ ಕಿಂಡಿ ಎಲ್ಲ ದಾಟಿ ಕ್ಯಾಬಿನೆಟ್ಟಿನೊಳಗೆ ಅದರ ಅರ್ಧದಷ್ಟೇ ಉಳಿಯುವುದುಂಟು. ಹೊಸದಾಗಿದ್ದಾಗಲೇ ಅಂಚಿನಲ್ಲಿ ನಡೆಯುವ ವ್ಯವಸ್ಥೆ ಇದು. ಜಾಲರಿಗೆ ದೂಳು ಕಟ್ಟಿದರೆ ಸಾಲುವುದಿಲ್ಲ.

ವೇಗ ಮತ್ತು ಗಾಳಿಯ ಸಂಬಂಧಕ್ಕೆ ಸರಳ ನಿಯಮಗಳಿವೆ. ಗಾಳಿಯ ಪ್ರಮಾಣ ವೇಗದಷ್ಟೇ ಏರುತ್ತದೆ, ಒತ್ತಡ ವೇಗದ ವರ್ಗದಂತೆ, ಬೇಕಾಗುವ ಶಕ್ತಿ ವೇಗದ ಘನದಂತೆ. ವೇಗವನ್ನು ಐದನೆಯ ಒಂದು ಭಾಗ ತಗ್ಗಿಸಿದರೆ ಶಕ್ತಿ ಅರ್ಧಕ್ಕಿಳಿಯುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಚಿಕ್ಕ ಫ್ಯಾನಿನಷ್ಟು ಗಾಳಿ ಕೊಡುತ್ತದೆ, ಸದ್ದು ಬಹಳ ಕಡಿಮೆ. 120 ಮಿ.ಮೀ. ಫ್ಯಾನುಗಳು 80ರ ಜಾಗವನ್ನು ಹಿಡಿದದ್ದು ಈ ಕಾರಣಕ್ಕೆ.

ಫ್ಯಾನಿಗೊಂದು ದಾಟಲಾಗದ ಮಿತಿಯಿದೆ: ಕೋಣೆಯ ಗಾಳಿಗಿಂತ ತಂಪಾಗಿ ಅದು ಯಾವುದನ್ನೂ ಮಾಡಲಾರದು. ಒಣ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕುಳಿತ ಮನುಷ್ಯನಿಗೆ ತಂಪೆನಿಸುವುದು ಬೆವರು ಆರುವುದರಿಂದ. ಚಿಪ್ಪಿಗೆ ಬೆವರಿಲ್ಲ. 65 ವ್ಯಾಟಿನ ಪ್ರೊಸೆಸರಿನ ಹೀಟ್ ಸಿಂಕ್ ಪ್ರತಿ ವ್ಯಾಟಿಗೆ 0.35 ಡಿಗ್ರಿ ಏರಿದರೆ ಒಟ್ಟು ಏರಿಕೆ ಸುಮಾರು 23 ಡಿಗ್ರಿ. ಡಿಸೆಂಬರಿನ ಬೆಳಿಗ್ಗೆ 20 ಡಿಗ್ರಿಯ ಗಾಳಿ ಸಿಕ್ಕರೆ ಪ್ರೊಸೆಸರಿನ ಮುಚ್ಚಳ 43ರಲ್ಲಿ ನಿಲ್ಲುತ್ತದೆ. ಏಪ್ರಿಲಿನಲ್ಲಿ ಕೋಣೆ 38, ಕ್ಯಾಬಿನೆಟ್ಟಿನ ಒಳಗು 45 ಇದ್ದಾಗ ಅದೇ ಮುಚ್ಚಳ 68 ಮುಟ್ಟುತ್ತದೆ. ಈ ಪೀಳಿಗೆಯ ಅನೇಕ ಪ್ರೊಸೆಸರುಗಳಿಗೆ ಅದು ಗಡಿಯ ಹತ್ತಿರದ ಬಿಸಿ. ಚಳಿಗಾಲದಲ್ಲಿ ಸರಿಯಿದ್ದ ಯಂತ್ರ ಯುಗಾದಿ ಕಳೆದ ಮೇಲೆ ತಾನೇ ಆಫ್ ಆಗತೊಡಗಿದರೆ ಲೆಕ್ಕ ಇದೇ.

ಕ್ಯಾಬಿನೆಟ್ಟಿನೊಳಗಿನ ಗಾಳಿದಾರಿ

ಗಾಳಿ ಮುಂದಿನ ತಳಭಾಗದಿಂದ ಒಳಬಂದು, ಹಾರ್ಡ್ ಡಿಸ್ಕನ್ನು ತಾಕಿ, ಪ್ರೊಸೆಸರನ್ನು ದಾಟಿ, ಹಿಂದಿನ ಮೇಲ್ಭಾಗದಿಂದ ಹೊರಹೋಗಬೇಕು. ಪಕ್ಕದ ತಗಡನ್ನು ಬಿಚ್ಚಿಟ್ಟು, ಎದುರಿಗೆ ಟೇಬಲ್ ಫ್ಯಾನ್ ತಿರುಗಿಸಿ ಕೆಲಸ ಮಾಡುವುದನ್ನು ಸಣ್ಣ ಊರುಗಳ ಅಂಗಡಿಗಳಲ್ಲಿ ನೋಡಬಹುದು. ಪ್ರೊಸೆಸರು ಇದರಿಂದ ತುಸು ತಂಪಾಗುತ್ತದೆ ನಿಜ. ಆದರೆ ಮುಂದಿನಿಂದ ಹಿಂದಕ್ಕೆ ಹರಿಯುವ ಧಾರೆ ಮುರಿದು ಹಾರ್ಡ್ ಡಿಸ್ಕಿಗೆ ಗಾಳಿ ತಪ್ಪುತ್ತದೆ, ದೂಳು ನೇರವಾಗಿ ಬೋರ್ಡಿನ ಮೇಲೆ ಕೂರುತ್ತದೆ. ಒಂದು ಮಧ್ಯಾಹ್ನದ ತುರ್ತಿಗೆ ಇದು ಸರಿ, ವರ್ಷವಿಡೀ ಮಾಡಬಾರದು. ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಗೂಡಿನಲ್ಲಿ ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡುವುದು ಇದಕ್ಕಿಂತ ಕೆಟ್ಟದ್ದು. ಹಿಂದಿನಿಂದ ಬಂದ ಬಿಸಿಗಾಳಿಯೇ ಸುತ್ತಿ ಮುಂದಿನಿಂದ ಒಳಹೋಗುತ್ತದೆ. ಹಿಂಬದಿಗೆ ಒಂದು ಗೇಣಾದರೂ ಜಾಗ ಬೇಕು.

ನಡೆದು ಬಂದ ದಾರಿ

ಐಬಿಎಂ 1981ರಲ್ಲಿ ತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಇದ್ದದ್ದು 63.5 ವ್ಯಾಟಿನ ವಿದ್ಯುತ್ ಪೆಟ್ಟಿಗೆ. ಫ್ಯಾನು ಇದ್ದದ್ದು ಅದರಲ್ಲಿ ಮಾತ್ರ. 29,000 ಟ್ರಾನ್ಸಿಸ್ಟರುಗಳ 8088 ಚಿಪ್ಪಿಗೆ ಹೀಟ್ ಸಿಂಕ್ ಕೂಡ ಬೇಕಿರಲಿಲ್ಲ. 1989ರ 486 ಚಿಪ್ಪಿನಲ್ಲಿ ಟ್ರಾನ್ಸಿಸ್ಟರುಗಳು 12 ಲಕ್ಷ ಆದವು. 66 ಮೆಗಾಹರ್ಟ್ಸಿನ 486ರ ಹೊತ್ತಿಗೆ ನೆತ್ತಿಯ ಮೇಲೆ ಲೋಹದ ಪಟ್ಟಿಗಳು ಬಂದವು. 1993ರ ಮೊದಲ ಪೆಂಟಿಯಮ್ 5 ವೋಲ್ಟಿನಲ್ಲಿ ಓಡುತ್ತ 15 ವ್ಯಾಟಿನಷ್ಟು ಬಿಸಿ ಬಿಡುತ್ತಿತ್ತು. ಪ್ರೊಸೆಸರಿಗೆ ಸ್ವಂತ ಫ್ಯಾನು ರೂಢಿಯಾದದ್ದು ಅಲ್ಲಿಂದ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ ಎಸ್‌ಎಂಪಿಎಸ್ಸಿನ ಫ್ಯಾನೇ ಹೊರಗಿನ ಗಾಳಿಯನ್ನು ಪ್ರೊಸೆಸರಿನ ಮೇಲೆ ಊದಬೇಕೆಂಬ ಯೋಚನೆ ಮೊದಲಿತ್ತು. ಎಸ್‌ಎಂಪಿಎಸ್ಸಿನಲ್ಲಿ ಆಗಲೇ ಬಿಸಿಯಾದ ಗಾಳಿ ಪ್ರೊಸೆಸರನ್ನು ತಣಿಸಲಾರದೆ ಹೋದದ್ದರಿಂದ ದಿಕ್ಕು ತಿರುಗಿತು, ಆ ಫ್ಯಾನು ಒಳಗಿನ ಬಿಸಿಯನ್ನು ಹೊರಹಾಕುವ ಕೆಲಸಕ್ಕೆ ನಿಂತಿತು.

ಬಿಸಿ ತೀರ ಏರಿದ್ದು 2004ರ 'ಪ್ರೆಸ್ಕಾಟ್' ಪೆಂಟಿಯಮ್ 4ರಲ್ಲಿ. ಹನ್ನೆರಡೂವರೆ ಕೋಟಿ ಟ್ರಾನ್ಸಿಸ್ಟರುಗಳ ಈ ಚಿಪ್ಪಿನ ವೇಗದ ಮಾದರಿಗಳಿಗೆ 100 ವ್ಯಾಟು ದಾಟಿದ ಶಾಖ ತೆಗೆಯುವ ಏರ್ಪಾಡು ಬೇಕಿತ್ತು. ಇಂಟೆಲ್ ಆ ದಾರಿಯನ್ನೇ ಬಿಟ್ಟು 2006ರಲ್ಲಿ ಕೋರ್ 2 ಡ್ಯುಓ ತಂದಾಗ ಅದೇ ಅಂಕಿ 65 ವ್ಯಾಟಿಗೆ ಇಳಿಯಿತು. ಹಳೆಯ ಯಂತ್ರ ಕೊಳ್ಳುವವರಿಗೆ ಇದರಿಂದ ಒಂದು ನೇರ ತೀರ್ಮಾನ ಸಿಗುತ್ತದೆ: ಬಯಲುಸೀಮೆಯ ಬೇಸಿಗೆಗೆ ಪೆಂಟಿಯಮ್ 4ಕ್ಕಿಂತ ಕೋರ್ 2 ಎಲ್ಲ ರೀತಿಯಲ್ಲೂ ಮೇಲು.

ಫ್ಯಾನು ನಿಂತಾಗ ಪ್ರೊಸೆಸರುಗಳ ನಡತೆ ಒಂದೇ ತರ ಇರುವುದಿಲ್ಲ. ಪೆಂಟಿಯಮ್ 4 ತನ್ನೊಳಗಿನ ಸಂವೇದಕದಿಂದ ಬಿಸಿಯನ್ನು ಅರಿತು, ನಡುನಡುವೆ ಕೆಲಸ ನಿಲ್ಲಿಸಿ ನಿಧಾನವಾಗುತ್ತದೆ, ಕೊನೆಗೆ ಆಫ್ ಆಗುತ್ತದೆ. ಎಎಂಡಿ ಎಂಬ ಇನ್ನೊಂದು ಕಂಪನಿಯ ಮೊದಲ ಪೀಳಿಗೆಯ ಅಥ್ಲಾನ್‌ಗಳಲ್ಲಿ ಈ ಕಾವಲು ಇರಲಿಲ್ಲ. ಓಡುತ್ತಿರುವಾಗ ಹೀಟ್ ಸಿಂಕ್ ಕಳಚಿದರೆ ಅವು ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುವುದನ್ನು 2001ರಲ್ಲಿ ಚಿತ್ರೀಕರಿಸಿ ತೋರಿಸಲಾಗಿತ್ತು. 'ವೈರಸ್ ಬಂದಿದೆ, ನಿಧಾನವಾಗಿದೆ' ಎಂದು ರಿಪೇರಿಗೆ ಬರುವ ಪೆಂಟಿಯಮ್ 4 ಯಂತ್ರ ಬರೀ ಬಿಸಿಯಿಂದ ನಿಧಾನವಾಗಿರುವುದೂ ಉಂಟು.

ದೂಳು ಮತ್ತು ಬಿಸಿಲು

ಈ ಸೀಮೆಯಲ್ಲಿ ಫ್ಯಾನನ್ನು ಕೊಲ್ಲುವುದು ಬಿಸಿಲಿಗಿಂತ ಹೆಚ್ಚಾಗಿ ದೂಳು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ಆಷಾಢದ ಗಾಳಿ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಜೋರು. ಮಳೆ ಸರಿಯಾಗಿ ಬೀಳದ ವರ್ಷ ಅದೇ ಗಾಳಿ ಉತ್ತ ಹೊಲಗಳ ಮೇಲ್ಮಣ್ಣನ್ನು ಹೊತ್ತು ತರುತ್ತದೆ. ಶೇಂಗಾ ಒಕ್ಕುವ ಕಾಲದಲ್ಲಿ ಹೊಟ್ಟಿನ ಹುಡಿ ಸೇರಿಕೊಳ್ಳುತ್ತದೆ.

ಬಗೆಬಗೆಯ ದೂಳು ಬಗೆಬಗೆಯ ಕೆಡುಕು ಮಾಡುತ್ತದೆ. ಬರೀ ಮಣ್ಣಿನ ದೂಳು ಸಣ್ಣದಾದ್ದರಿಂದ ಬಹುಪಾಲು ಹೀಟ್ ಸಿಂಕಿನ ನಡುವೆ ನುಸುಳಿ ಹೊರಹೋಗುತ್ತದೆ, ಆದರೆ ಬುಷ್ಷಿನೊಳಗೆ ಹೊಕ್ಕು ಎಣ್ಣೆಯೊಡನೆ ಬೆರೆತು ಮರಳುಕಾಗದದಂತೆ ಉಜ್ಜುತ್ತದೆ. ನಾರಿನ ದೂಳು ಹಾಗಲ್ಲ. ಕಂಬಳಿ ಅಂಗಡಿಯ ಉಣ್ಣೆ, ಮಗ್ಗದ ಮನೆಯ ಎಳೆ, ಮನುಷ್ಯರ ಕೂದಲು ಇವೆಲ್ಲ ಹೀಟ್ ಸಿಂಕಿನ ಪಟ್ಟಿಗಳಿಗೆ ಅಡ್ಡಡ್ಡ ಸಿಕ್ಕಿಕೊಳ್ಳುತ್ತವೆ. ಒಂದು ಎಳೆ ಸಿಕ್ಕಿಕೊಂಡರೆ ಮುಂದಿನದನ್ನು ಹಿಡಿಯುತ್ತದೆ, ಎರಡೂ ಸೇರಿ ಮಣ್ಣನ್ನು ಹಿಡಿಯುತ್ತವೆ. ಫ್ಯಾನಿಗೂ ಲೋಹಕ್ಕೂ ನಡುವೆ ಬೂದುಬಣ್ಣದ ಪದರ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಫ್ಯಾನು ಚೆನ್ನಾಗಿ ತಿರುಗುತ್ತಿರುತ್ತದೆ, ಕೆಳಗೆ ಮಾತ್ರ ಗಾಳಿ ಇಳಿಯುವುದೇ ಇಲ್ಲ. ಫ್ಯಾನನ್ನು ಬಿಚ್ಚದೆ ಮೇಲಷ್ಟೇ ಬ್ರಷ್ ಆಡಿಸಿದರೆ ಈ ಪದರ ಕಾಣುವುದಿಲ್ಲ. ಎಣ್ಣೆ ಗಿರಣಿಯ ಕೋಣೆಯಲ್ಲಿ ಗಾಳಿಯ ಜಿಡ್ಡು ಸೇರಿ ದೂಳು ರೆಕ್ಕೆಗಳಿಗೆ ಅಂಟಿಬಿಡುತ್ತದೆ. ಎಲ್ಲ ರೆಕ್ಕೆಗೂ ಸಮನಾಗಿ ಅಂಟದ ಕಾರಣ ತೂಕ ತಪ್ಪಿ ಫ್ಯಾನು ನಡುಗುತ್ತದೆ, ಬುಷ್ ಒಂದೇ ಬದಿಗೆ ಸವೆಯುತ್ತದೆ.

ಬಿಸಿಲಿನ ಪಾತ್ರ ನಿಧಾನವಾದದ್ದು. ಬುಷ್ಷಿನ ಎಣ್ಣೆ ಬಿಸಿಗೆ ಆರುತ್ತ ಗಟ್ಟಿಯಾಗುತ್ತದೆ. ಮದರ್‌ಬೋರ್ಡು ಮತ್ತು ಎಸ್‌ಎಂಪಿಎಸ್ಸಿನ ಡಬ್ಬಿಯಾಕಾರದ ಕೆಪ್ಯಾಸಿಟರುಗಳಲ್ಲಿ ದ್ರವವಿರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧವಾಗುತ್ತದೆಂಬುದು ಎಲೆಕ್ಟ್ರಾನಿಕ್ಸಿನ ಹಳೆಯ ಲೆಕ್ಕ. ನಿಧಾನವಾದ ಫ್ಯಾನು ಪ್ರೊಸೆಸರನ್ನು ಒಮ್ಮೆಗೇ ಸುಡದಿರಬಹುದು, ಪಕ್ಕದ ಕೆಪ್ಯಾಸಿಟರುಗಳ ನೆತ್ತಿ ಉಬ್ಬಿಸಿ ಬೋರ್ಡನ್ನು ಕೊಲ್ಲುತ್ತದೆ. ಅದಕ್ಕೂ ಮುಂಚೆ ಕೈಕೊಡುವುದು ಚಿಪ್‌ಸೆಟ್ಟಿನ 40 ಮಿ.ಮೀ. ಫ್ಯಾನು. ಚಿಕ್ಕದು ಹೆಚ್ಚು ವೇಗವಾಗಿ ತಿರುಗಬೇಕು, ಬೇಗ ಸವೆಯುತ್ತದೆ.

ಬೇಸಿಗೆಯಲ್ಲಿ ನೀರಿನ ಏರ್ ಕೂಲರನ್ನು ಕಂಪ್ಯೂಟರಿನ ಮುಂದೆಯೇ ಇಡುವುದುಂಟು. ಒಣಹವೆಯಲ್ಲಿ ಅದು ಕೋಣೆಯನ್ನು ನಿಜಕ್ಕೂ ತಂಪಾಗಿಸುತ್ತದೆ, ಆ ಮಟ್ಟಿಗೆ ಯಂತ್ರಕ್ಕೂ ಒಳ್ಳೆಯದೇ. ನೇರವಾಗಿ ಕ್ಯಾಬಿನೆಟ್ಟಿಗೆ ಊದಿಸಬಾರದು: ಬೋರ್‌ವೆಲ್ಲಿನ ಗಡಸು ನೀರಿನ ತುಂತುರು ಬೋರ್ಡಿನ ಮೇಲೆ ಆರಿದರೆ ಲವಣ ಉಳಿಯುತ್ತದೆ.

ಸದ್ದಿನ ಪರೀಕ್ಷೆ, ರಿಪೇರಿ

ಅನುಭವಿ ರಿಪೇರಿಗಾರರು ಕ್ಯಾಬಿನೆಟ್ ಬಿಚ್ಚುವ ಮೊದಲು ಕಿವಿಗೊಡುತ್ತಾರೆ. ಬೆಳಿಗ್ಗೆ ಆನ್ ಮಾಡಿದಾಗ ಗೊರಗೊರ ಎಂದು, ಹತ್ತು ನಿಮಿಷದಲ್ಲಿ ಸುಮ್ಮನಾದರೆ ಬುಷ್ಷಿನ ಎಣ್ಣೆ ಆರಿದೆ. ಬಿಸಿಗೆ ಉಳಿದ ಎಣ್ಣೆ ಕರಗಿ ಸದ್ದು ನಿಂತಿದೆ. ಟಕಟಕ ಎಂದರೆ ಯಾವುದೋ ತಂತಿ ರೆಕ್ಕೆಗೆ ತಾಕುತ್ತಿದೆ. ಸದಾ ಜೋರಾಗಿ ಊಳಿಟ್ಟರೆ ಫ್ಯಾನು ಸರಿಯಿದೆ, ಹೀಟ್ ಸಿಂಕ್ ಕಟ್ಟಿಕೊಂಡಿದೆ ಅಥವಾ ಪೇಸ್ಟು ಒಣಗಿದೆ. ಕೆಲವು ಸೆಕೆಂಡಿಗೊಮ್ಮೆ ರೆಕ್ಕೆ ತುಸು ಅಲುಗಿ ನಿಲ್ಲುತ್ತಿದ್ದರೆ ಬೇರಿಂಗು ಸಿಕ್ಕಿಕೊಂಡಿದೆ. ಸುರುಳಿ ಸುಡದಿರಲೆಂದು ಚಾಲಕ ಐ.ಸಿ. ವಿದ್ಯುತ್ ನಿಲ್ಲಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ. ಸದ್ದೇ ಇಲ್ಲದಿದ್ದರೆ ಕೂಡಲೇ ಸ್ವಿಚ್ ಆರಿಸಬೇಕು.

ಶುಚಿ ಮಾಡುವ ಕ್ರಮ ಕಷ್ಟದ್ದಲ್ಲ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು. ಪಕ್ಕದ ತಗಡು ತೆಗೆದು, ಫ್ಯಾನನ್ನು ಹೀಟ್ ಸಿಂಕಿನಿಂದ ಬೇರ್ಪಡಿಸಿ, ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ರೆಕ್ಕೆಗಳನ್ನೂ ಪಟ್ಟಿಗಳನ್ನೂ ಉಜ್ಜಬೇಕು. ಒಣಹವೆಯಲ್ಲಿ ಪ್ಲಾಸ್ಟಿಕ್ ಬ್ರಷ್ಷಿನ ಉಜ್ಜಾಟಕ್ಕೆ ಸ್ಥಿರವಿದ್ಯುತ್ ಹುಟ್ಟುತ್ತದೆ. ಬ್ರಷ್ ಹಿಡಿಯುವ ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿಕೊಳ್ಳಬೇಕು. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯುವುದು ಕಡ್ಡಾಯ. ಗುಡ್ಡದ ಮೇಲಿನ ಗಾಳಿಯಂತ್ರದಲ್ಲಿ ಗಾಳಿ ರೆಕ್ಕೆಯನ್ನು ತಿರುಗಿಸಿದಾಗ ವಿದ್ಯುತ್ ಹುಟ್ಟುವಂತೆಯೇ ಇಲ್ಲೂ ಅಯಸ್ಕಾಂತ ಸುರುಳಿಯ ಸುತ್ತ ತಿರುಗಿದರೆ ವೋಲ್ಟೇಜು ಹುಟ್ಟುತ್ತದೆ. ಅದು ಫ್ಯಾನಿನ ಐ.ಸಿ.ಯನ್ನು ಕೆಡಿಸಬಹುದು, ಮಿತಿಮೀರಿದ ವೇಗಕ್ಕೆ ಬೇರಿಂಗೂ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿಯಲ್ಲಿ ನೀರಹನಿ ಮತ್ತು ಎಣ್ಣೆ ಇರುವುದರಿಂದ ಅದನ್ನು ಬಳಸದಿರುವುದೇ ಕ್ಷೇಮ.

ಗೊರಗೊರ ಎನ್ನುವ ಬುಷ್ ಫ್ಯಾನಿಗೆ ಎಣ್ಣೆ ಕೊಡಬಹುದು. ಹಿಂದಿನ ಚೀಟಿಯನ್ನು ಅರ್ಧ ಸುಲಿದು, ಕೆಳಗೆ ರಬ್ಬರಿನ ಬಿರಡೆಯಿದ್ದರೆ ತೆಗೆದು, ಕಡ್ಡಿಯ ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಕೈಯಲ್ಲಿ ತಿರುಗಿಸಿ, ಹೆಚ್ಚಾದದ್ದನ್ನು ಒರೆಸಿ, ಚೀಟಿಯನ್ನು ಗಟ್ಟಿಯಾಗಿ ಅಂಟಿಸಬೇಕು. ಎಣ್ಣೆಯ ಊರೆಂದು ಶೇಂಗಾ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಿಡಬಾರದು. ಅಡುಗೆ ಎಣ್ಣೆ ಬಿಸಿಗೆ ಕೆಟ್ಟು ಅಂಟಾಗುತ್ತದೆ, ಫ್ಯಾನು ಮೊದಲಿಗಿಂತ ಬೇಗ ಸಿಕ್ಕಿಕೊಳ್ಳುತ್ತದೆ. ಎಣ್ಣೆಯ ಉಪಚಾರ ಕೆಲವು ತಿಂಗಳ ಮಾತು. ಕಡ್ಡಿ ಆಗಲೇ ಸವೆದಿದ್ದರೆ ಫ್ಯಾನು ಬದಲಿಸಬೇಕು. ಕೊಳ್ಳುವಾಗ ಚೌಕಟ್ಟಿನ ಅಗಲ ನೋಡಬೇಕು: 80 ಮಿ.ಮೀ. ಫ್ಯಾನಿನ ತೂತುಗಳ ನಡುವಿನ ಅಂತರ 71.5 ಮಿ.ಮೀ., 92ರದು 82.5, 120ರದು 105. ಎರಡು ಬೆಲೆಯವು ಸಿಕ್ಕರೆ ಬಾಲ್ ಬೇರಿಂಗಿನದಕ್ಕೆ ಹೆಚ್ಚು ಕೊಡುವುದು ಈ ಸೀಮೆಯಲ್ಲಿ ಸಾರ್ಥಕ.

ಪ್ರೊಸೆಸರಿನ ಹೀಟ್ ಸಿಂಕ್ ಕಿತ್ತಾಗಲೆಲ್ಲ ಹಳೆಯ ಪೇಸ್ಟನ್ನು ಒರೆಸಿ, ಬಟಾಣಿಕಾಳಿನಷ್ಟು ಹೊಸದನ್ನು ಹಚ್ಚಬೇಕು. ಕೋರ್ 2 ಪೀಳಿಗೆಯ 775 ಸಾಕೆಟ್ಟಿನ ಹೀಟ್ ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿವೆ; ಅವುಗಳಲ್ಲಿ ಒಂದು ಸರಿಯಾಗಿ ಕಚ್ಚದಿದ್ದರೂ ಲೋಹ ಚಿಪ್ಪಿನಿಂದ ಓರೆಯಾಗಿ ಎದ್ದು ನಿಲ್ಲುತ್ತದೆ. ನಾಲ್ಕನ್ನೂ ಎದುರುಬದುರಾಗಿ ಒತ್ತಿ, ಬೋರ್ಡಿನ ಹಿಂಬದಿಯಲ್ಲಿ ಹೊರಬಂದಿವೆಯೇ ಎಂದು ನೋಡಬೇಕು. ಎಸ್‌ಎಂಪಿಎಸ್ಸಿನ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. 230 ವೋಲ್ಟಿನ ಮನೆಯ ವಿದ್ಯುತ್ ಅದರೊಳಗೆ ಡಿ.ಸಿ. ಆದಾಗ 325 ವೋಲ್ಟಿನಷ್ಟಾಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಉಳಿದಿರಬಹುದು. ಜೀವಕ್ಕೆ ಅಪಾಯವಿರುವ ಈ ಕೆಲಸ ತಿಳಿದವರದು.

ಇಂದಿನ ಸ್ಥಿತಿ

ಹೊಸ ಯಂತ್ರಗಳಲ್ಲಿ ಫ್ಯಾನಿನ ಭಾರ ತಗ್ಗುತ್ತಿದೆ. ಮೊಬೈಲಿನಲ್ಲಿ ಫ್ಯಾನೇ ಇಲ್ಲ. ಅನೇಕ ಚಿಕ್ಕ ಕಂಪ್ಯೂಟರುಗಳಲ್ಲೂ ಇಲ್ಲ. ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರಿನ ಶಾಖವನ್ನು ದ್ರವ ಹರಿಸಿ ತೆಗೆಯುತ್ತಾರೆ. ಅದೇ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆಯಲ್ಲಿದ್ದು, ಶಾಲಾ ವಿಜ್ಞಾನ ಶಿಕ್ಷಕರ ತರಬೇತಿ ಅಲ್ಲಿ ನಡೆಯುತ್ತದೆ. ಶಾಲೆಯ ಹಳೆಯ ಫ್ಯಾನೊಂದನ್ನು ಬಿಚ್ಚಿ ಕಾಂತ, ಸುರುಳಿ, ಶಾಖವಹನ, ಗಾಳಿಯ ಹರಿವು ಇಷ್ಟನ್ನೂ ಒಂದೇ ಪಾಠದಲ್ಲಿ ತೋರಿಸಬಹುದು. ಪ್ರೌಢಶಾಲೆಯ ಭೌತವಿಜ್ಞಾನಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದು ಕಷ್ಟ.

ಕೆಟ್ಟ ಕಂಪ್ಯೂಟರುಗಳಲ್ಲಿ ಸೀಸ ಮೊದಲಾದ ವಿಷವಸ್ತುಗಳಿವೆ. ಅವುಗಳ ವಿಲೇವಾರಿಗೆ ದೇಶದಲ್ಲಿ ಇ–ತ್ಯಾಜ್ಯ ನಿಯಮಗಳಿವೆ. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಗುಜರಿಗೆ ಹಾಕುವ ಮುನ್ನ ಪಕ್ಕದ ತಗಡು ಬಿಚ್ಚಿ ಫ್ಯಾನು ತಿರುಗುತ್ತದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸ.

ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ ಶುಚಿ ಮಾಡಿದರೆ ಸಾಕು: ಶಿವರಾತ್ರಿಯ ಸುಮಾರಿಗೆ, ಬೇಸಿಗೆ ಏರುವ ಮೊದಲು ಒಮ್ಮೆ, ಆಷಾಢದ ದೂಳು ಕಳೆದ ಮೇಲೆ ಆಯುಧಪೂಜೆಗೆ ಇನ್ನೊಮ್ಮೆ. ಆಯುಧಪೂಜೆಯ ದಿನ ಕಚೇರಿ, ಅಂಗಡಿ, ಶಾಲೆಗಳಲ್ಲಿ ಕಂಪ್ಯೂಟರುಗಳನ್ನು ಹೇಗೂ ಒರೆಸಿ ಹೂವು ಏರಿಸುತ್ತೇವೆ. ಅಂದು ಒಂದು ಗಂಟೆ ಮುಂಚೆ ಕುಳಿತು ಒಳಗಿನ ಫ್ಯಾನನ್ನೂ ಹೀಟ್ ಸಿಂಕನ್ನೂ ಶುಚಿ ಮಾಡಿ. ವಿಭೂತಿ, ಕುಂಕುಮಗಳನ್ನು ಗಾಳಿ ಎಳೆಯುವ ಮುಂದಿನ ಜಾಲರಿಗೆ ತಾಕಿಸದೆ ಕ್ಯಾಬಿನೆಟ್ಟಿನ ಪಕ್ಕದ ತಗಡಿಗೆ ಹಚ್ಚಿ.